ಮೂವತ್ತು ಗಂಟೆಯ ಮಡಿಕೆ

ದೊಡ್ಡ ಕಾರ್ಖಾನೆ ಎಂದರೆ ಎರಡು ವರ್ಷ ಹಗಲು ರಾತ್ರಿ ಎನ್ನದೆ ಓಡಿ, ಆಮೇಲೆ ಇಪ್ಪತ್ತೊಂದು ದಿನ ಕಾಲು ಚಾಚಿ ಮಲಗುವ ಪ್ರಾಣಿ. ಅದು ಮಲಗಿದ್ದಾಗಲೇ ಬಾಯ್ಲರಿನ ಹೊಟ್ಟೆ ತೊಳೆಯಬೇಕು, ಪೈಪುಗಳ ಗಂಟಲು ಕೆರೆಯಬೇಕು, ಯಂತ್ರಗಳನ್ನು ಬಿಚ್ಚಿ, ಸವೆದದ್ದನ್ನು ತೆಗೆದು, ಹೊಸದನ್ನು ಕೂರಿಸಿ, ಹೇಳಿದ ದಿನ ಹೇಳಿದ ಗಂಟೆಗೆ ಮತ್ತೆ ಎಬ್ಬಿಸಬೇಕು. ಇದಕ್ಕೆ ಶಟ್‌ಡೌನ್ ಎನ್ನುತ್ತಾರೆ. ಎರಡು ಸಾವಿರ ಜನ, ನಾಲ್ಕು ಸಾವಿರ ಕೆಲಸ, ಎಲ್ಲರೂ ಕಚ್ಚಾಡುವುದಕ್ಕೆ ಒಂದೇ ಒಂದು ದೊಡ್ಡ ಕ್ರೇನು. ಯಾರು ಯಾವಾಗ ಏನು ಬಿಚ್ಚಬೇಕು ಎಂದು ಮೊದಲೇ ಬರೆದಿಡುವುದಕ್ಕೆ ಒಬ್ಬ ಮನುಷ್ಯ ಬೇಕಲ್ಲ, ಆ ಮನುಷ್ಯ ನಮ್ಮ ಪಟ್ಟಿರಾಯರು.

ಅದು ಹೆತ್ತವರು ಇಟ್ಟ ಹೆಸರಲ್ಲ. ಹೆತ್ತವರು ಇಟ್ಟದ್ದು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದುಕೊಂಡಿದೆ. ಇಪ್ಪತ್ತೆಂಟು ವರ್ಷದ ಹಿಂದೆ ಅವರು ಫಿಟ್ಟರ್ ಆಗಿ ಸೇರಿದವರು. ಮೊದಲ ವಾರವೇ ನಲವತ್ತು ಅಡಿ ಏಣಿ ಹತ್ತಿಸಿದರು. ಅರ್ಧ ಹತ್ತಿದ ಮೇಲೆ ಅವರು ಏಣಿಯನ್ನು ತಬ್ಬಿಕೊಂಡರು, ಬಿಡಿಸುವುದಕ್ಕೆ ಮೂರು ಜನ ಬೇಕಾಯಿತು. ಆಗಿನ ಫೋರ್‌ಮನ್ ಕೈಗೆ ಪೆನ್ಸಿಲು ಕಾಗದ ಕೊಟ್ಟು, "ನೀನು ಕೆಳಗೇ ಕೂತ್ಕೊಳಪ್ಪ. ಮೇಲೆ ಯಾರ್ಯಾರು ಹೋದ್ರು, ಯಾವಾಗ ಇಳಿದ್ರು ಅಂತ ಬರ್ಕೊ, ಸಾಕು" ಎಂದ. ಅದೇ ಮೊದಲ ಪಟ್ಟಿ. ಅಲ್ಲಿಂದ ಇವತ್ತಿನವರೆಗೆ ಹನ್ನೊಂದು ಶಟ್‌ಡೌನುಗಳ ಪಟ್ಟಿ ಆಯಿತು, ಒಂದೂ ಒಂದು ಗಂಟೆ ಹೆಚ್ಚು ಎಳೆದದ್ದಿಲ್ಲ.

ಆದರೆ ಈ ಕೆಲಸಕ್ಕೊಂದು ಶಾಪವಿದೆ. ಹೊತ್ತಿಕೊಂಡ ಬೆಂಕಿ ಆರಿಸಿದವನಿಗೆ ಹಾರ ಹಾಕುತ್ತಾರೆ. ಬೆಂಕಿಯೇ ಹೊತ್ತದಂತೆ ನೋಡಿಕೊಂಡವನನ್ನು "ಅಂದ ಹಾಗೆ, ನೀವು ಇಲ್ಲಿ ಏನ್ ಮಾಡ್ತೀರಿ?" ಎಂದು ಕೇಳುತ್ತಾರೆ. ಹಾರ ಹಾಕಿಸಿಕೊಳ್ಳುವವನು ಮೂರನೆಯವನಾಗಿದ್ದರೆ ಪಟ್ಟಿರಾಯರು ಹೇಗೋ ನುಂಗಿಕೊಳ್ಳುತ್ತಿದ್ದರು. ಅವನು ಅವರ ಷಡ್ಡಕನಾಗಿದ್ದ, ಹೆಂಡತಿಯ ತಂಗಿಯ ಗಂಡ.

ಷಡ್ಡಕ ಕಂಪ್ರೆಸರ್ ವಿಭಾಗದವನು. ಕಂಪ್ರೆಸರ್ ಎಂದರೆ ಇಡೀ ಪ್ಲಾಂಟಿಗೆ ಗಾಳಿ ಒತ್ತಿ ಕಳಿಸುವ ಯಂತ್ರ, ಒಂದು ಸಣ್ಣ ಮನೆಯಷ್ಟು ದೊಡ್ಡದು. ಅದನ್ನು ಬಿಚ್ಚಿ ಜೋಡಿಸುವುದೇ ಶಟ್‌ಡೌನಿನ ಅತಿ ಉದ್ದದ ಕೆಲಸ. ಹಾಗಾಗಿ ಪಟ್ಟಿರಾಯರ ಗೋಡೆಯ ಚಾರ್ಟಿನಲ್ಲಿ ಕೆಂಪು ಗೆರೆ ಯಾವಾಗಲೂ ಅದರ ಮೇಲೆಯೇ ಹಾಯುತ್ತದೆ. ಕೆಂಪು ಗೆರೆಯ ಕೆಲಸ ಒಂದು ಗಂಟೆ ತಡವಾದರೆ ಇಡೀ ಪ್ಲಾಂಟು ಒಂದು ಗಂಟೆ ತಡ. ಮೂರು ತಿಂಗಳು ಕಣ್ಣು ಕಿರಿದು ಮಾಡಿಕೊಂಡು ನಾಲ್ಕು ಸಾವಿರ ಗೆರೆ ಎಳೆದವರು ಪಟ್ಟಿರಾಯರು. ಬಂದವರೆಲ್ಲ ಚಾರ್ಟಿನ ಮುಂದೆ ನಿಂತು ಕೇಳುವುದು ಒಂದೇ ಮಾತು: "ಕಂಪ್ರೆಸರ್ ಎಲ್ಲಿಗೆ ಬಂತು?"

ಹೋಗಲಿ, ನೆಂಟರ ಕಡೆಯಾದರೂ ನೆಮ್ಮದಿಯೇ ಎಂದರೆ ಅಲ್ಲಿ ಅತ್ತೆ. ಅತ್ತೆಯ ಮನೆಯಲ್ಲಿ ಫ್ಯಾನು ಕಿರುಗುಟ್ಟಿದರೆ, ನಲ್ಲಿ ಸೋರಿದರೆ, ಬಾಗಿಲು ಹಿಡಿದುಕೊಂಡರೆ ಷಡ್ಡಕ ತೋಳು ಮಡಚಿ, ಸಿಳ್ಳೆ ಹಾಕುತ್ತ ಅರ್ಧ ಗಂಟೆಯಲ್ಲಿ ಸರಿ ಮಾಡಿಬಿಡುತ್ತಿದ್ದ. ಒಮ್ಮೆ ಪಟ್ಟಿರಾಯರೂ ಹಟಕ್ಕೆ ಬಿದ್ದು, ಒಂದು ಭಾನುವಾರ ಪೂರ್ತಿ ಆ ಮನೆಯನ್ನು ಸುತ್ತಿ, ಏನೇನು ಕೆಟ್ಟಿದೆ, ಯಾವುದು ಮೊದಲು, ಯಾವುದು ಆಮೇಲೆ ಎಂದು ಮೂರು ಬಣ್ಣದಲ್ಲಿ ಬರೆದು ಕೊಟ್ಟರು. ಅತ್ತೆ ಅದನ್ನು ಬೀರುವಿನ ಒಳಬಾಗಿಲಿಗೆ ಅಂಟಿಸಿಕೊಂಡು ಬಂದವರಿಗೆಲ್ಲ ಹೇಳಿದರು, "ಚಿಕ್ಕ ಅಳಿಯಂದಿರು ರಿಪೇರಿ ಮಾಡ್ತಾರೆ. ದೊಡ್ಡ ಅಳಿಯಂದಿರ ಅಕ್ಷರ ಬಹಳ ಚೆನ್ನಾಗಿದೆ."

ಹೋದ ಸಲದ ಶಟ್‌ಡೌನ್ ಮುಗಿದಾಗ ಕಂಪನಿಯ ಪತ್ರಿಕೆಯಲ್ಲಿ ಷಡ್ಡಕನ ಫೋಟೋ ಬಂದಿತ್ತು. ಕಂಪ್ರೆಸರಿನ ಮೇಲೆ ಕೈಯಿಟ್ಟು ನಗುತ್ತಿದ್ದಾನೆ, ಐವತ್ತರ ಹತ್ತಿರ ಬಂದರೂ ತಲೆ ತುಂಬ ಕೂದಲು. ಚಿತ್ರದ ಎಡ ಅಂಚಿನಲ್ಲಿ ಯಾರದೋ ಅರ್ಧ ತೋಳು. ಪಟ್ಟಿರಾಯರ ಹೆಂಡತಿ ಪತ್ರಿಕೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಇದು ನೀವೇ ಅಲ್ವೇನ್ರೀ?"

"ಹ್ಞೂ."

"ಮೊಣಕೈ ಚೆನ್ನಾಗಿ ಬಂದಿದೆ."

ಎಲ್ಲಕ್ಕಿಂತ ದೊಡ್ಡ ಸಂಕಟವೆಂದರೆ ಷಡ್ಡಕನಲ್ಲಿ ತಪ್ಪು ಹುಡುಕಿದರೂ ಸಿಗುತ್ತಿರಲಿಲ್ಲ. ಕೆಟ್ಟವನ ಮೇಲೆ ಹೊಟ್ಟೆಕಿಚ್ಚು ಪಡುವುದು ಸುಲಭ, ಅದಕ್ಕೆ ನ್ಯಾಯದ ಸಿಟ್ಟು ಎಂದು ಹೆಸರಿಟ್ಟುಕೊಂಡು ಹಾಯಾಗಿರಬಹುದು. ಒಳ್ಳೆಯವನ ಮೇಲೆ ಪಟ್ಟರೆ ಬೆಂಕಿಯೂ ನಮ್ಮದೇ, ಹೊಗೆಯೂ ನಮ್ಮದೇ. ಷಡ್ಡಕ ಸಿಕ್ಕಾಗಲೆಲ್ಲ "ಭಾವ, ಊಟ ಆಯ್ತಾ?" ಎನ್ನುತ್ತಿದ್ದ, ಉತ್ತರ ಬರುವವರೆಗೆ ನಿಜವಾಗಿಯೂ ಕಾಯುತ್ತಿದ್ದ. ಪಟ್ಟಿರಾಯರಿಗೆ ಅದೂ ಮೈ ಉರಿಸುತ್ತಿತ್ತು.

ಈ ಸಲ ವಿಷಯ ಬರೀ ಉರಿಯಲ್ಲಿ ಮುಗಿಯುವಂತಿರಲಿಲ್ಲ. ಶಟ್‌ಡೌನ್ ವಿಭಾಗದ ಮುಖ್ಯಸ್ಥರು, ಎಲ್ಲರೂ ದೊಡ್ಡವರು ಎಂದು ಕರೆಯುತ್ತಿದ್ದವರು, ನಿವೃತ್ತರಾಗುವವರಿದ್ದರು. ಅವರ ಕುರ್ಚಿಗೆ ಎರಡು ಹೆಸರು ಓಡಾಡುತ್ತಿದ್ದವು: ಒಂದು ಪಟ್ಟಿರಾಯರದು, ಇನ್ನೊಂದು ಷಡ್ಡಕನದು. ಈ ಶಟ್‌ಡೌನ್ ಮುಗಿದ ಮೇಲೆ ಹೇಳುತ್ತೇನೆ ಎಂದಿದ್ದರು ದೊಡ್ಡವರು. ಆ ಕುರ್ಚಿ ಷಡ್ಡಕನಿಗೆ ಹೋದರೆ ಇನ್ನು ಆರು ವರ್ಷ ದಿನ ಬೆಳಗಾದರೆ ಹೆಂಡತಿಯ ತಂಗಿಯ ಗಂಡನಿಗೆ ನಮಸ್ಕಾರ ಹೇಳಿ ಕೆಲಸ ಶುರು ಮಾಡಬೇಕು. ಅತ್ತೆ ಏನೆನ್ನುತ್ತಾರೆ ಎಂಬುದನ್ನು ಪಟ್ಟಿರಾಯರು ಊಹಿಸಿಯೂ ಆಗಿತ್ತು. "ಅಕ್ಷರ ಚೆನ್ನಾಗಿದ್ದರೆ ಸಾಕಾ?"

ಇಲ್ಲಿ ಪಟ್ಟಿ ಮಾಡುವವರ ಒಂದು ಗುಟ್ಟು ಹೇಳಬೇಕು. ಪಟ್ಟಿರಾಯರ ತಂದೆ ದರ್ಜಿ. ಬೆಳೆಯುವ ಮಕ್ಕಳ ಬಟ್ಟೆ ಹೊಲಿಯುವಾಗ ಒಳಗಡೆ ಎರಡು ಬೆರಳು ಬಟ್ಟೆ ಮಡಿಚಿ ಬಿಡುತ್ತಿದ್ದರು, ಮುಂದಿನ ವರ್ಷ ಬಿಚ್ಚಿಕೊಳ್ಳಲಿ ಎಂದು. ಪಟ್ಟಿರಾಯರೂ ಹಾಗೆಯೇ. ಪ್ರತಿ ವಿಭಾಗದವರನ್ನೂ ಕರೆದು "ಎಷ್ಟು ದಿನ ಬೇಕು?" ಎಂದು ಕೇಳುತ್ತಾರೆ. ಎಂಟು ದಿನದ ಕೆಲಸಕ್ಕೆ ಎಲ್ಲರೂ ಹನ್ನೊಂದು ಎನ್ನುತ್ತಾರೆ. ಪಟ್ಟಿರಾಯರು ಬೈದು ಎಂಟಕ್ಕೆ ಇಳಿಸುತ್ತಾರೆ. ಆಮೇಲೆ ಯಾರಿಗೂ ತಿಳಿಯದಂತೆ, ಮುಂದಿನ ಕೆಲಸಕ್ಕೆ ಮೊದಲು ಕೆಲವು ಗಂಟೆಗಳನ್ನು ಅವರೇ ಮಡಚಿಟ್ಟುಬಿಡುತ್ತಾರೆ. ಒಳಗೆ ಬಿಚ್ಚಿದಾಗ ಏನು ಕಾಣುತ್ತದೋ ಯಾರು ಬಲ್ಲರು? ಹನ್ನೊಂದು ಶಟ್‌ಡೌನ್ ಸಮಯಕ್ಕೆ ಸರಿಯಾಗಿ ಮುಗಿದದ್ದು ಈ ಮಡಿಕೆಗಳಿಂದ. ಅವು ಎಲ್ಲೆಲ್ಲಿವೆ ಎಂದು ಅವರು ದೊಡ್ಡವರಿಗೂ ಹೇಳಿದವರಲ್ಲ.

ಇಡೀ ಪ್ಲಾಂಟಿನಲ್ಲಿ ಸುಳ್ಳು ಹೇಳದೆ ಬೇಕಾದಷ್ಟೇ ದಿನ ಕೇಳುತ್ತಿದ್ದವನು ಒಬ್ಬನೇ, ಷಡ್ಡಕ.

"ಕಂಪ್ರೆಸರಿಗೆ ಎಷ್ಟು?"

"ಹದಿನಾಲ್ಕು ಸಾಕು ಭಾವ."

"ಹದಿನೇಳು ಅನ್ನು. ನಾನು ಇಳಿಸ್ತೀನಿ."

"ಹದಿನಾಲ್ಕೇ ಬೇಕಾಗಿರೋದು, ಹದಿನೇಳು ಯಾಕೆ ಅನ್ಲಿ?"

ಅವನ ಹದಿನಾಲ್ಕು ದಿನದ ಬೆನ್ನಿಗೆ ಪಟ್ಟಿರಾಯರು ಪ್ರತಿ ಸಲವೂ ಮೂವತ್ತು ಗಂಟೆ ಮಡಚಿಡುತ್ತಿದ್ದರು. ಈ ಸಲ ಪೆನ್ಸಿಲು ಆ ಜಾಗಕ್ಕೆ ಬಂದಾಗ ಕೈ ನಿಂತಿತು. ಕಿಟಕಿಯ ಆಚೆ ಕ್ಯಾಂಟೀನಿನ ಕಟ್ಟೆಯ ಮೇಲೆ ಷಡ್ಡಕ ಟೀ ಕುಡಿಯುತ್ತ ಏನೋ ಹೇಳುತ್ತಿದ್ದ, ಸುತ್ತ ಹತ್ತು ಜನ ಬಿದ್ದು ಬಿದ್ದು ನಗುತ್ತಿದ್ದರು. ಪಟ್ಟಿರಾಯರ ಮಾತಿಗೆ ಹತ್ತು ಜನ ಹಾಗೆ ನಕ್ಕದ್ದು ಅವರು ಏಣಿ ತಬ್ಬಿಕೊಂಡ ದಿನ ಮಾತ್ರ. ಅವತ್ತೂ ಅವರು ಮಾತಾಡಿರಲಿಲ್ಲ.

ಅವರು ಮೂವತ್ತು ಗಂಟೆಯನ್ನು ಅಲ್ಲಿಂದ ಅಳಿಸಿ, ಕೊನೆಯ ಗೆರೆಗೆ ಸೇರಿಸಿದರು. ಕೊನೆಯ ಗೆರೆ ಎಂದರೆ ಎಲ್ಲ ಜೋಡಣೆ ಮುಗಿದ ಮೇಲೆ ಪ್ಲಾಂಟನ್ನು ಮೆಲ್ಲಗೆ ಬಿಸಿ ಮಾಡಿ ಚಾಲೂ ಮಾಡುವ ಕೆಲಸ. ಅದಕ್ಕೆ ನಲವತ್ತೆರಡು ಗಂಟೆ ಸಾಕು, ಈಗ ಎಪ್ಪತ್ತೆರಡಾಯಿತು. ಇಷ್ಟೊಂದು ಸಮಯ ಯಾಕೆ ಎಂದು ಚಾಲನೆ ವಿಭಾಗದವರು ಕೇಳಲಿಲ್ಲ. ತಟ್ಟೆಗೆ ಹೆಚ್ಚಿಗೆ ಬಿದ್ದರೆ ಬಡಿಸಿದವರನ್ನು ಯಾರೂ ತಡೆಯುವುದಿಲ್ಲ. ಒಟ್ಟು ಇಪ್ಪತ್ತೊಂದು ದಿನ ಹಾಗೆಯೇ ಉಳಿಯಿತು. ಷಡ್ಡಕನ ಗೆರೆ ಮಾತ್ರ ಒಳಗೆ ಒಂದು ಎಳೆಯೂ ಬಟ್ಟೆ ಬಿಡದ ಅಂಗಿಯಂತೆ ಮೈಗೆ ಅಂಟಿ ನಿಂತಿತು. ಒಂದು ಬೋಲ್ಟು ಹಿಡಿದುಕೊಂಡರೂ ಪ್ಲಾಂಟು ತಡ, ತಡ ಯಾರಿಂದ ಎಂಬುದು ಗೋಡೆಯ ಮೇಲೆ ಕೆಂಪಕ್ಷರದಲ್ಲಿ.

"ಅವನೇ ಹದಿನಾಲ್ಕು ಅಂದ. ನಾನು ಹದಿನಾಲ್ಕು ಕೊಟ್ಟೆ. ಇದರಲ್ಲಿ ತಪ್ಪೇನಿದೆ?" ಎಂದು ಪಟ್ಟಿರಾಯರು ಕನ್ನಡಿಯನ್ನು ಕೇಳಿದರು. ಕನ್ನಡಿಗೆ ಕೂದಲಿನ ವಿಷಯ ಬಿಟ್ಟರೆ ಬೇರೇನೂ ತಿಳಿಯುತ್ತಿರಲಿಲ್ಲ.

ಪ್ಲಾಂಟು ನಿಂತಿತು. ತಣ್ಣಗಾಗಿ, ಒಳಗಿನ ಅನಿಲವೆಲ್ಲ ಹೊರಹೋಗುವುದಕ್ಕೆ ನಾಲ್ಕು ದಿನ. ಐದನೆಯ ದಿನ ಕಂಪ್ರೆಸರಿನ ಮುಚ್ಚಳ ಎದ್ದಿತು. ದಿನಾ ಬೆಳಿಗ್ಗೆ ಎಂಟಕ್ಕೆ ಚಾರ್ಟಿನ ಕೆಳಗೆ ಎಲ್ಲರೂ ನಿಂತುಕೊಂಡೇ ಮೀಟಿಂಗು ಮಾಡುವುದು ಪದ್ಧತಿ, ಕೂತರೆ ಮಾತು ಉದ್ದವಾಗುತ್ತದೆ ಎಂದು. ದಿನಾ ಬೆಳಿಗ್ಗೆ ಷಡ್ಡಕ "ಸಮಯಕ್ಕೆ ಸರಿಯಾಗಿದೀವಿ" ಎನ್ನುತ್ತಿದ್ದ. ದಿನಾ ಬೆಳಿಗ್ಗೆ ಪಟ್ಟಿರಾಯರ ಮುಖ ಒಂದು ಬೆರಳು ಇಳಿಯುತ್ತಿತ್ತು. ತಾವೇ ಮಾಡಿದ ಪಟ್ಟಿ ಸರಿಯಾಗಿ ನಡೆಯುತ್ತಿದೆ ಎಂದು ಬೇಸರಪಟ್ಟುಕೊಂಡ ಮನುಷ್ಯ ಆ ಕಾರ್ಖಾನೆಯ ಚರಿತ್ರೆಯಲ್ಲಿ ಅವರೊಬ್ಬರೇ ಇರಬೇಕು.

ಒಂಬತ್ತನೆಯ ದಿನ ಮಧ್ಯಾಹ್ನ ಷಡ್ಡಕ ಅವರ ಕೋಣೆಗೆ ಬಂದ. ಕೈಯೆಲ್ಲ ಎಣ್ಣೆ, ಸಿಳ್ಳೆ ಇಲ್ಲ.

"ಭಾವ, ಬೇರಿಂಗ್ ಕೂರೋ ಜಾಗದಲ್ಲಿ ಶಾಫ್ಟ್ ಸವೆದಿದೆ. ಹೊರಗಿಂದ ಗೊತ್ತಾಗ್ತಿರಲಿಲ್ಲ. ವರ್ಕ್‌ಶಾಪಿಗೆ ಹಾಕಿ ಸರಿ ಮಾಡಿಸ್ಲೇಬೇಕು. ಇಪ್ಪತ್ತಾರು ಗಂಟೆ ಹೆಚ್ಚಿಗೆ ಹಿಡಿಯುತ್ತೆ."

ಪಟ್ಟಿರಾಯರ ಎದೆಯೊಳಗೆ ಯಾರೋ ಸಣ್ಣಗೆ ಡೋಲು ಬಾರಿಸಿದರು.

"ಇಪ್ಪತ್ತಾರಾ?"

"ಎಲ್ಲಾದ್ರೂ ಸ್ವಲ್ಪ ಉಳಿದಿದೆಯಾ ನೋಡಿ. ನೀವು ಏನಾದ್ರೂ ಇಟ್ಟಿರ್ತೀರಿ ಅಂತ ನಮ್ಮ ಹುಡುಗರು ಮಾತಾಡ್ಕೋತಾರೆ."

ಪಟ್ಟಿರಾಯರು ಕನ್ನಡಕ ಏರಿಸಿ, ಎದ್ದು, ಚಾರ್ಟಿನ ಮೇಲೆ ಆ ತುದಿಯಿಂದ ಈ ತುದಿಯವರೆಗೆ ಬೆರಳು ಆಡಿಸಿದರು. ಕೊನೆಯ ಗೆರೆಯ ಹತ್ತಿರ ಬೆರಳು ಸ್ವಲ್ಪ ಬೇಗ ಓಡಿತು.

"ಇಲ್ಲ ಕಣಯ್ಯ. ನೀನೇ ಹದಿನಾಲ್ಕು ಅಂದಿದ್ದೆ."

"ಅಂದಿದ್ದೆ, ಹೌದು. ತಪ್ಪು ನಂದೇ." ಷಡ್ಡಕ ತಲೆ ಕೆರೆದುಕೊಂಡ, ಅಷ್ಟೂ ಕೂದಲಿಗೆ ಎಣ್ಣೆ ಮೆತ್ತಿತು. "ನೋಡೋಣ. ಹೇಗಾದ್ರೂ ಎಳೀತೀವಿ. ನಿಮ್ಮ ಹನ್ನೊಂದು ಸಲದ ಲೆಕ್ಕ ನನ್ನಿಂದ ಕೆಡಬಾರದು." ಹೊರಡುವಾಗ ಬಾಗಿಲಲ್ಲಿ ತಿರುಗಿ, "ಊಟ ಆಯ್ತಾ ಭಾವ?" ಎಂದ.

ಅವತ್ತು ಪಟ್ಟಿರಾಯರು ಎರಡು ಸಲ ಬಡಿಸಿಕೊಂಡು ಉಂಡರು. ಮರುದಿನವೂ ಹಸಿವು ಚೆನ್ನಾಗಿತ್ತು. ಹದಿಮೂರನೆಯ ದಿನದ ಹೊತ್ತಿಗೆ ಯಾಕೋ ಅರ್ಧ ಊಟಕ್ಕೇ ತಟ್ಟೆ ಬಿಟ್ಟು ಏಳತೊಡಗಿದರು. ಅದಕ್ಕೆ ಧರ್ಮಬುದ್ಧಿ ಕಾರಣ ಎಂದು ಹೇಳಿದರೆ ಅವರಿಗೆ ಹೆಚ್ಚು ಗೌರವ ಕೊಟ್ಟಂತಾಗುತ್ತದೆ. ನಿಜವಾದ ಕಾರಣ ಷಡ್ಡಕನ ಹುಡುಗರು. ಇಪ್ಪತ್ತಾರು ಗಂಟೆ ಉಳಿಸುತ್ತೇವೆ ಎಂದು ಅವರು ತಾವಾಗಿಯೇ ಎರಡೆರಡು ಶಿಫ್ಟು ನಿಂತಿದ್ದರು. ಪಟ್ಟಿರಾಯರಿಗಾಗಿ ಯಾರಾದರೂ ಅರ್ಧ ಗಂಟೆ ನಿಂತದ್ದುಂಟೆ? ಹಾಳಾದವನು ಸೋಲುತ್ತಿದ್ದರೂ ಗೆದ್ದವನ ಹಾಗೆಯೇ ಕಾಣುತ್ತಿದ್ದ.

ಹದಿನೈದನೆಯ ದಿನ ಸಂಜೆ ಪಟ್ಟಿರಾಯರು ಕಂಪ್ರೆಸರ್ ಶೆಡ್ಡಿನ ಕಡೆ ಹೋದರು. ಕೆಲಸ ಎಲ್ಲಿಗೆ ಬಂದಿದೆ ನೋಡುವುದಕ್ಕೆ ಎಂದು ಹೇಳಿಕೊಂಡರು. ಷಡ್ಡಕನ ಅಳುಮೋರೆ ನೋಡುವುದಕ್ಕೆ ಎಂಬುದು ಅವರಿಗೂ ಗೊತ್ತಿತ್ತು.

ಬೇರಿಂಗಿನ ಮೇಲುಗಡೆಯ ಕವಚಕ್ಕೆ ಬೋಲ್ಟು ಬಿಗಿಯುತ್ತಿದ್ದರು. ಹದಿನಾರು ಬೋಲ್ಟು. ಒಂದಾದ ಮೇಲೆ ಪಕ್ಕದ್ದಲ್ಲ, ಎದುರಿನದ್ದು, ಹಾಗೆ ಅಡ್ಡಡ್ಡ ದಾಟುತ್ತ ಮೂರು ಸುತ್ತು ಬಿಗಿಯಬೇಕು. ಕ್ರಮ ತಪ್ಪಿದರೆ ಕವಚ ಒಂದು ಕಡೆ ವಾಲುತ್ತದೆ, ವಾಲಿದ ಕವಚ ಓಡುವ ಯಂತ್ರದಲ್ಲಿ ಏನು ಮಾಡುತ್ತದೆ ಎಂದು ಹೇಳುವುದಕ್ಕೆ ಹತ್ತಿರ ನಿಂತವರು ಉಳಿಯುವುದಿಲ್ಲ. ಮೂವತ್ತು ವರ್ಷ ಕೈ ಪಳಗಿದ ಹಿರಿಯ ಫಿಟ್ಟರ್ ಸ್ಪಾನರ್ ಹಿಡಿದು ಎಣಿಸುತ್ತಿದ್ದ. "ಏಳು... ಎಂಟು..." ನಿಂತ. ಸ್ಪಾನರನ್ನೇ ನೋಡಿದ. "ಏಳಾಯ್ತಾ, ಎಂಟಾಯ್ತಾ?"

"ಎಂಟಣ್ಣ," ಎಂದ ಒಬ್ಬ.

"ಏಳಷ್ಟೇ," ಎಂದ ಇನ್ನೊಬ್ಬ, ಕಣ್ಣು ಮುಚ್ಚಿಕೊಂಡೇ.

ಷಡ್ಡಕ ಕಂಬಕ್ಕೆ ಒರಗಿದ್ದವನು ಎದ್ದ. ಮುಖದ ಮೇಲೆ ಮೂರು ದಿನದ ಗಡ್ಡ, ಕಣ್ಣು ಕೆಂಡ. "ಎಲ್ಲಾ ಸಡಿಲ ಮಾಡಿ. ಮತ್ತೆ ಒಂದರಿಂದ."

"ಇದು ನಾಲ್ಕನೇ ಸಲ ಸಾರ್," ಎಂದ ಹಿರಿಯ ಫಿಟ್ಟರ್. ದೂರಿದಂತೆ ಅಲ್ಲ, ಸುಮ್ಮನೆ ಲೆಕ್ಕ ಹೇಳಿದಂತೆ. ಆ ಲೆಕ್ಕ ಮಾತ್ರ ಅವನಿಗೆ ನೆನಪಿತ್ತು.

ಪಟ್ಟಿರಾಯರು ಯಾರಿಗೂ ಕಾಣಿಸಿಕೊಳ್ಳದೆ ಹಿಂದಿರುಗಿದರು. ದಾರಿಯುದ್ದಕ್ಕೂ ಅವರ ತಲೆಯಲ್ಲಿ ಒಂದೇ ಮಾತು. ಐದನೆಯ ಸಲ ಯಾರೂ ಎಣಿಕೆ ತಪ್ಪಿತೆಂದು ಹೇಳದೆ ಮುಂದಕ್ಕೆ ಹೋಗಿಬಿಟ್ಟರೆ?

ಹದಿನಾರನೆಯ ದಿನ ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಚಾರ್ಟಿನ ಕೆಳಗೆ ನಿಂತರು. ಷಡ್ಡಕ ಬಾಯಿ ತೆರೆಯುವ ಮೊದಲೇ ಪಟ್ಟಿರಾಯರು ಮುಂದೆ ಬಂದರು.

"ಒಂದು ತಪ್ಪಿದೆ," ಎಂದರು. "ಪಟ್ಟಿಯಲ್ಲಿ."

ಹನ್ನೊಂದು ಶಟ್‌ಡೌನುಗಳಲ್ಲಿ ಆ ಬಾಯಿಂದ ಬಾರದ ಮಾತು ಅದು. ಕ್ರೇನಿನವನು ಗಡಿಯಾರ ನೋಡುವುದನ್ನು ಬಿಟ್ಟು ಇವರನ್ನು ನೋಡಿದ.

"ಕೊನೆಯ ಗೆರೆಯಲ್ಲಿ ಮೂವತ್ತು ಗಂಟೆ ಹೆಚ್ಚಿಗೆ ಇದೆ. ಅದು ಅಲ್ಲಿರಬೇಕಾದ್ದಲ್ಲ. ಕಂಪ್ರೆಸರಿನದು. ನಾನೇ ಅಲ್ಲಿಗೆ ಹಾಕಿದ್ದೆ."

ಚಾಲನೆ ವಿಭಾಗದ ಮುಖ್ಯಸ್ಥ ತಟ್ಟನೆ ಕೆರಳಿದ. "ಅದು ನಮ್ಮ ಗಂಟೆ. ಎಪ್ಪತ್ತೆರಡು ಅಂತ ಬರೆದಿದೆ, ಎಲ್ಲರೂ ನೋಡಿದೀರಿ."

"ನಲವತ್ತೆರಡು ಸಾಕಲ್ವೇನ್ರೀ?"

"ಸಾಕು. ಆದ್ರೂ ನಮ್ಮದಲ್ವಾ?"

ದೊಡ್ಡವರು ಕೈಯೆತ್ತಿ ಅವನನ್ನು ತಡೆದರು. ಅವರು ಚಾರ್ಟಿನ ಹತ್ತಿರ ಹೋಗಿ ಕೊನೆಯ ಗೆರೆಯನ್ನೂ ಕೆಂಪು ಗೆರೆಯನ್ನೂ ಒಂದಾದ ಮೇಲೆ ಒಂದು ನೋಡಿದರು. ಆಮೇಲೆ ಪಟ್ಟಿರಾಯರನ್ನೂ ಹಾಗೆಯೇ ನೋಡಿದರು. "ಕಂಪ್ರೆಸರಿನವರೆಲ್ಲ ಈಗಲೇ ಹೋಗಿ ಮಲಗಲಿ," ಎಂದರು. "ಸಂಜೆ ಬಂದು ಬೋಲ್ಟು ಒಂದರಿಂದ ಬಿಗಿಯಲಿ. ಮೀಟಿಂಗ್ ಮುಗೀತು."

ಷಡ್ಡಕ ನಿಂತಲ್ಲೇ ಒಂದು ಕ್ಷಣ ಕಣ್ಣು ಮುಚ್ಚಿದ. ಪಟ್ಟಿರಾಯರಿಗೆ ಅವನ ಮುಖ ನೋಡುವುದಕ್ಕೂ ಆಗಲಿಲ್ಲ, ನೋಡದಿರುವುದಕ್ಕೂ ಆಗಲಿಲ್ಲ. ಕುರ್ಚಿ ಹೋಯಿತು ಎಂಬುದು ಮಾತ್ರ ಖಚಿತವಾಗಿತ್ತು. ತಾನೇ ತೋಡಿದ ಹಳ್ಳಕ್ಕೆ ತಾನೇ ಅಳತೆ ಹಿಡಿದು, ದಿನಾಂಕ ಹಾಕಿ, ಹತ್ತು ಜನರೆದುರು ಇಳಿದಾಗಿತ್ತು.

ಪ್ಲಾಂಟು ಇಪ್ಪತ್ತೊಂದನೆಯ ದಿನ, ಹೇಳಿದ ಹೊತ್ತಿಗೆ ಮೂರು ಗಂಟೆ ಮೊದಲೇ ಎದ್ದಿತು. ಕಂಪ್ರೆಸರ್ ಬೆಕ್ಕು ಗುರುಗುಟ್ಟುವಂತೆ ಓಡಿತು. ಮತ್ತೆ ಷಡ್ಡಕನ ಬೆನ್ನು ತಟ್ಟಿದರು, ಮತ್ತೆ ಫೋಟೋ ತೆಗೆದರು. ಪಟ್ಟಿರಾಯರು ಈ ಸಲ ಮೊಣಕೈಯನ್ನೂ ದೂರ ಇಟ್ಟುಕೊಂಡರು.

ಹತ್ತು ದಿನ ಬಿಟ್ಟು ದೊಡ್ಡವರು ಕರೆದರು. ಮೇಜು ಅರ್ಧ ಖಾಲಿಯಾಗಿತ್ತು, ಉಳಿದದ್ದನ್ನು ಪೆಟ್ಟಿಗೆಗೆ ತುಂಬುತ್ತಿದ್ದರು.

"ನಿಮ್ಮ ಹೆಸರು ಕಳಿಸಿದೀನಿ," ಎಂದರು ತಲೆಯೆತ್ತದೆ.

ಪಟ್ಟಿರಾಯರಿಗೆ ಕೇಳಿಸಿತು, ಅರ್ಥವಾಗಲಿಲ್ಲ. "ನನ್ನದಾ? ಅವತ್ತು ನಾನು..."

"ಮೂವತ್ತು ವರ್ಷದಲ್ಲಿ ಎಷ್ಟೋ ಪಟ್ಟಿ ಮಾಡೋರನ್ನ ನೋಡಿದೀನಿ. ಎಲ್ಲರೂ ಗಂಟೆ ಬಚ್ಚಿಡ್ತಾರೆ. ಎಲ್ಲಿಟ್ಟಿದೀನಿ ಅಂತ ಎಲ್ಲರ ಮುಂದೆ ಹೇಳಿದವರು ನೀವೊಬ್ಬರೇ. ಈ ಕುರ್ಚಿಯಲ್ಲಿ ಕೂರೋನಿಗೆ ಬೇಕಾಗಿರೋದು ಅದು." ಹಳೆಯ ಸ್ಟೇಪ್ಲರ್ ಒಂದನ್ನು ಪೆಟ್ಟಿಗೆಗೆ ಹಾಕಿ, ಆಗ ಮಾತ್ರ ತಲೆಯೆತ್ತಿದರು. "ಅಲ್ಲಿಗೆ ಯಾಕೆ ಹಾಕಿದ್ರಿ ಅಂತ ನಾನು ಕೇಳಲ್ಲ. ನೀವೂ ಹೇಳ್ಬೇಡಿ."

ಪಟ್ಟಿರಾಯರು ಮೆಟ್ಟಿಲು ಇಳಿಯುವಾಗ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ನಾಚಿಕೆ ಇರಲಿಲ್ಲ ಎಂದಲ್ಲ, ಅದು ಒಂದು ಮೆಟ್ಟಿಲು ಹಿಂದೆ ಬರುತ್ತಿತ್ತು. ಮುಂದೆ ಓಡುತ್ತಿದ್ದದ್ದು ಒಂದೇ ಆಸೆ: ಈ ಸುದ್ದಿಯನ್ನು ಷಡ್ಡಕನಿಗೆ ತಾವೇ ಹೇಳಬೇಕು, ಹೇಳುವಾಗ ಅವನ ಮುಖ ನೋಡಬೇಕು. ಅವನು ಷಡ್ಡಕನಾದಾಗಿನಿಂದ ಹದಿನೆಂಟು ವರ್ಷ ಅವರೊಬ್ಬರೇ ಹೊತ್ತ ಕಿಚ್ಚನ್ನು ಅವನೂ ಒಂದು ನಿಮಿಷ ಹೊರಲಿ. ಹೆಚ್ಚೇನೂ ಬೇಡ, ಒಂದು ಕಿಡಿ ಸಾಕು.

ಷಡ್ಡಕ ಶೆಡ್ಡಿನಲ್ಲಿ ಕಂಪ್ರೆಸರಿಗೆ ಕಿವಿಯಿಟ್ಟು ಸದ್ದು ಕೇಳುತ್ತಿದ್ದ. ಪಟ್ಟಿರಾಯರು ಸುದ್ದಿ ಹೇಳಿ, ಬಸ್ಸಿಗೆ ಕಾಯುವವರ ಹಾಗೆ ಅವನ ಮುಖ ನೋಡುತ್ತ ನಿಂತರು.

"ನಿಜವಾಗ್ಲೂ?" ಷಡ್ಡಕ ಅವರ ಎರಡೂ ಕೈ ಹಿಡಿದುಕೊಂಡ, ಎಣ್ಣೆಯ ಸಮೇತ. "ಅಬ್ಬ, ಬದುಕಿದೆ ಭಾವ. ನನ್ನ ಕುತ್ತಿಗೆಗೆ ಕಟ್ಟಿಬಿಡ್ತಾರೇನೋ ಅಂತ ಎರಡು ತಿಂಗಳಿಂದ ಸರಿಯಾಗಿ ನಿದ್ದೆ ಇಲ್ಲ. ಆ ಕುರ್ಚಿಯಲ್ಲಿ ಕೂತ್ರೆ ಒಂದು ನಟ್ಟೂ ಮುಟ್ಟೋ ಹಾಗಿಲ್ಲವಂತೆ, ಬರೀ ಮೀಟಿಂಗು. ನೀವಾದ್ರೆ ಸರಿ. ಅತ್ತೆಗೆ ಹೇಳಿದ್ರಾ? ನಾನೇ ಹೇಳ್ತೀನಿ ಇರಿ, ಖುಷಿ ಪಡ್ತಾರೆ."

ಪಟ್ಟಿರಾಯರು ಅವನ ಕಣ್ಣಿನ ಮೂಲೆಗಳನ್ನು ನೋಡಿದರು, ತುಟಿಯ ತುದಿಗಳನ್ನು ನೋಡಿದರು. ಯಂತ್ರದಲ್ಲಿ ಬಿರುಕು ಹುಡುಕುವವರೂ ಅಷ್ಟು ನಿಧಾನವಾಗಿ ನೋಡುವುದಿಲ್ಲ. ಏನೂ ಸಿಗಲಿಲ್ಲ.

"ನೋಡು," ಎಂದರು ಕೊನೆಗೆ, ತಡೆಯಲಾರದೆ. "ಆ ಮೂವತ್ತು ಗಂಟೆ ಅಲ್ಲಿಗೆ ಹೋದದ್ದು ಕೈತಪ್ಪಿ ಅಲ್ಲ. ಬೇಕು ಅಂತಲೇ ಹಾಕಿದ್ದೆ. ನಿನ್ನ ಮೇಲೆ ಹೊಟ್ಟೆಕಿಚ್ಚಿಗೆ."

ಷಡ್ಡಕ ಒಂದು ಕ್ಷಣ ಅವರನ್ನೇ ನೋಡಿ, ಆಮೇಲೆ ಶೆಡ್ಡು ತುಂಬುವಂತೆ ನಕ್ಕ. ಆಚೆ ಇದ್ದ ಹಿರಿಯ ಫಿಟ್ಟರ್ ತಿರುಗಿ ನೋಡಿದ. "ನೀವು ಇಷ್ಟು ತಮಾಷೆ ಮಾಡ್ತೀರಿ ಅಂತ ಗೊತ್ತೇ ಇರ್ಲಿಲ್ಲ ಭಾವ. ನನ್ನ ಮೇಲೆ ಹೊಟ್ಟೆಕಿಚ್ಚು ಪಡೋಕೆ ಏನಿದೆ? ಕೈಯೆಲ್ಲ ಗ್ರೀಸು."

ಮನೆಗೆ ಬಂದು ಪಟ್ಟಿರಾಯರು ಚಪ್ಪಲಿ ಬಿಚ್ಚಿ ಗೋಡೆ ನೋಡುತ್ತ ಕೂತರು. ಹೆಂಡತಿಗೆ ಸುದ್ದಿ ಆಗಲೇ ಫೋನಿನಲ್ಲಿ ಬಂದಿತ್ತು, ಹೇಳಿದವನು ಯಾರೆಂದು ಕೇಳಬೇಕಾಗಿರಲಿಲ್ಲ.

"ಕುರ್ಚಿ ಸಿಕ್ತಲ್ಲ, ಮತ್ತೆ ಮುಖ ಯಾಕೆ ಹೀಗೆ? ಅವನು ಏನಾದ್ರೂ ಅಂದನಾ?"

"ಖುಷಿ ಪಟ್ಟ."

"ಒಳ್ಳೇದಾಯ್ತಲ್ರೀ."

"ನಿಜವಾಗಿ ಖುಷಿ ಪಟ್ಟ ಕಣೆ," ಎಂದರು ಪಟ್ಟಿರಾಯರು, ಮನೆಗೆ ಕನ್ನ ಬಿದ್ದವರ ಧ್ವನಿಯಲ್ಲಿ.